ನಾಯಿ ಬೊಗಳಲಿ, ಬೆನ್ನು ಹತ್ತುವುದು ಬ್ಯಾಡ

ಬೀಳಗಿ ತಾಲೂಕಿನ ನಮ್ಮಂಥ ಒಣಬೇಸಾಯದವರಿಗೆ ಚಳಿಗಾಲ ಬಂತೆಂದರೆ ಅರ್ಧ ನಿದ್ದೆ. ಹಿಂಗಾರಿ ಬಿಳಿಜೋಳ ಹಾಲುಗಾಳು ಹಿಡಿಯುವ ಹೊತ್ತಿಗೇ ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ಕಡೆ ಕಬ್ಬು ಕಡಿಯುವುದು ಜೋರಾಗುತ್ತದೆ. ಕಬ್ಬಿನೊಳಗೆ ಅಡಗಿದ್ದ ಕಾಡುಹಂದಿ, ನರಿಗಳಿಗೆ ಮರೆ ತಪ್ಪಿ ಹೊಲದಿಂದ ಹೊಲಕ್ಕೆ ಅಲೆಯುತ್ತವೆ. ಹೋದ ವರ್ಷ ಎರಡೇ ರಾತ್ರಿಯಲ್ಲಿ ಹಂದಿಗಳು ನಮ್ಮ ಅರ್ಧ ಎಕರೆ ಜೋಳ ಮಲಗಿಸಿದವು.

ಹೊಲದ ಮನೆಯಲ್ಲಿ ನಮ್ಮವು ಎರಡು ನಾಯಿ ಅದಾವ. ಒಂದು ಊರ ನಾಯಿ, ಇನ್ನೊಂದು ಮುಧೋಳ ನಾಯಿ. ಎರಡರ ಗುಣ ಬ್ಯಾರೆ. ಊರ ನಾಯಿ ವಾಸನೆ ಹಿಡಿದು ಬೊಗಳುತ್ತದೆ. ಮುಧೋಳದ್ದು ಕಣ್ಣಿನಿಂದ ಬ್ಯಾಟಿ ಆಡುವ ಜಾತಿ. ಬೊಗಳುವುದು ಕಮ್ಮಿ, ಮುಂದೆ ಏನಾದರೂ ಓಡಿತೆಂದರೆ ತಾನೂ ಓಡೇ ಬಿಡತೈತಿ. 2005ರಲ್ಲಿ ಅಂಚೆ ಚೀಟಿ ಮೇಲೆ ಬಂದ ನಾಯಿ ಇದೇ.

ಬೊಗಳುವ ರೀತಿ ನೋಡಿದರೆ ಬಂದದ್ದು ಏನೆಂದು ತಿಳಿಯುತ್ತದೆ. ನರಿ ಕೂಗಿದರೆ ನಮ್ಮ ಊರ ನಾಯಿ ಕತ್ತೆತ್ತಿ ಊಳಿಡುತ್ತದೆ. ಹಂದಿ ಬಂದರೆ ಎರಡು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ ಆಗುತ್ತ ಬಿಡದೆ ಬೊಗಳುತ್ತದೆ. ತೋಳ ಹತ್ತಿರ ಇದ್ದರೆ ಬಾಲ ಮುದುರಿ ಬಾಗಿಲಿಗೆ ಒತ್ತಿ ನಿಲ್ಲುತ್ತದೆ. ಆಗ ಮೊದಲು ಕುರಿ ದೊಡ್ಡಿ ನೋಡಬೇಕು.

“ಕಾಕಾ, ಜಾತಿ ನಾಯಿ ಐತಿ, ಬಿಡ್ರಿ, ಹಂದಿ ಓಡಸತೈತಿ” ಎಂದು ಬಾಜೂ ಹೊಲದ ಹುಡುಗರು ಅಂತಾರ. ನಾನು ಬಿಡುವುದಿಲ್ಲ. ಮೂರು ಕಾರಣ.

ಒಂದು, ಹಂದಿಯ ಕೋರೆ. ಮುಧೋಳ ನಾಯಿಯದು ಸಪೂರ ಮೈ, ತೆಳ್ಳನೆ ಚರ್ಮ. ನಮ್ಮೂರಲ್ಲಿ ಒಬ್ಬರ ನಾಯಿ ಹೀಗೇ ಹೊಟ್ಟೆ ಹರಿದು ಸತ್ತಿತು.

ಎರಡು, ಬಿಟ್ಟ ನಾಯಿ ಹಂದಿಯನ್ನೇ ಹಿಡಿಯುತ್ತದೆಂದು ಹೇಳಲಾಗದು. ಮೊಲ ಕಂಡರೂ ಅಷ್ಟೆ, ಚಿಂಕಾರ ಕಂಡರೂ ಅಷ್ಟೆ. ನಮ್ಮ ಯಡಹಳ್ಳಿ ಗುಡ್ಡ 2016ರಿಂದ ಚಿಂಕಾರ ವನ್ಯಧಾಮ. ನಾಯಿ ಬಿಟ್ಟು ಬೇಟೆಯಾಡಿಸುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ.

ಮೂರು, ಹುಚ್ಚು ರೋಗ. ನರಿ, ತೋಳ ಕಚ್ಚಿದರೆ ನಾಯಿಗೆ, ನಾಯಿಯಿಂದ ನಮ್ಮ ಮಕ್ಕಳಿಗೆ. ಮರಿಗೆ ಮೂರು ತಿಂಗಳಾದಾಗ ಸೂಜಿ ಹಾಕಿಸಿ, ಆಮೇಲೆ ಡಾಕ್ಟರು ಹೇಳಿದಂತೆ ವರ್ಷ ವರ್ಷ ಹಾಕಿಸಬೇಕು. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆ ಹೊತ್ತಿಗೆ ಹಾಕಿಸಿದರೆ ಕಬ್ಬು ಕಡಿಯುವ ಮುಂಚೆ ಕೆಲಸ ಮುಗಿದಂತೆ. ಯಾರಿಗಾದರೂ ನಾಯಿ, ನರಿ ಕಚ್ಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅವತ್ತೇ ದವಾಖಾನೆಗೆ ಹೋಗಬೇಕು.

ನಾವು ಮಾಡುವುದಿಷ್ಟು. ಹಗಲು ನಾಯಿಗಳು ನಮ್ಮ ಜೋಡಿ ಇರುತ್ತವೆ. ಕತ್ತಲಾದ ಮೇಲೆ ಬಾಗಿಲ ಹತ್ತಿರವೇ ಉದ್ದ ಹಗ್ಗದಲ್ಲಿ ಕಟ್ಟುತ್ತೇವೆ. ದೂರ ಹೊಲದಲ್ಲಿ ಕಟ್ಟಿದರೆ ತೋಳಕ್ಕೆ ತುತ್ತು. ಮುಧೋಳ ನಾಯಿಗೆ ಕೂದಲು ಕಮ್ಮಿ, ಥಂಡಿ ತಡೆಯುವುದಿಲ್ಲ. ಒಣ ಹುಲ್ಲಿನ ಮೇಲೆ ಗೋಣಿಚೀಲ ಹಾಸಿ, ಗಾಳಿಗೆ ಮರೆ ಮಾಡಬೇಕು. ಊರ ನಾಯಿ ಬೊಗಳಿದ ಕೂಡಲೇ ಇಬ್ಬರು ಎದ್ದು ಬ್ಯಾಟರಿ ಬಿಟ್ಟು ಡಬ್ಬಿ ಬಡಿಯುತ್ತೇವೆ. ಒಬ್ಬರೇ ಹೋಗುವುದಿಲ್ಲ. ಈ ವರ್ಷ ಹಂದಿ ಬಂದವು, ಆದರೆ ಬದುವಿನಿಂದಲೇ ತಿರುಗಿದವು.

ಇಷ್ಟಾದರೂ ಬೆಳೆ ಹಾಳಾದರೆ ಫೋಟೋ ತೆಗೆಸಿ, ಪಹಣಿ ಹಚ್ಚಿ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡಬಹುದು. ಹೋದ ನಾಯಿಯನ್ನು ಯಾವ ಅರ್ಜಿಯೂ ತಂದುಕೊಡುವುದಿಲ್ಲ.

ನಿಮ್ಮ ಕಡೆ ನಾಯಿಗಳು ಯಾವ ಪ್ರಾಣಿಗೆ ಹೇಗೆ ಬೊಗಳುತ್ತವೆ? ಬರೆದು ತಿಳಿಸಿರಿ.