ಕಾಯಿಲ್‌ಗೆ ತಕ್ಕ ರೆಸಿಸ್ಟೆನ್ಸ್ ಇರಲಿ

ಹಳೇ ಪೆಟ್ರೋಲ್ ಜೀಪು, ಅಂಬಾಸಿಡರ್ ಕಾರು ಇಟ್ಟುಕೊಂಡ ರೈತರು ನಮ್ಮ ಚಳ್ಳಕೆರೆ ಕಡೆ ಈಗಲೂ ಅಲ್ಲೊಬ್ಬರು ಇಲ್ಲೊಬ್ಬರು ಸಿಗ್ತಾರೆ. ಇದು ಅವರಿಗೆ. ಡೀಸೆಲ್ ಟ್ರಾಕ್ಟರ್ ಕಿಡಿಯಿಲ್ಲದೆ ಓಡುವ ಗಾಡಿ, ಅದಕ್ಕೆ ಈ ಗೊಡವೆ ಇಲ್ಲ.

ನನ್ನ ಜೀಪು ಶೇಂಗಾ ಚೀಲ ಹೇರಿಕೊಂಡು ಮಾರ್ಕೆಟ್ಟಿಗೆ ಹೊರಟರೆ ನಡುದಾರೀಲಿ ನಿಲ್ಲುತ್ತಿತ್ತು. ಅರ್ಧ ಗಂಟೆ ಆರಿದರೆ ಮತ್ತೆ ಸ್ಟಾರ್ಟು. ಒಂದೇ ಹಂಗಾಮಿನಲ್ಲಿ ಮೂರು ಸಲ ಪಾಯಿಂಟ್, ಎರಡು ಸಲ ಕಂಡೆನ್ಸರ್ ಬದಲಾಯಿಸಿದ್ದಾಯ್ತು. ಲೇಟಾಗಿ ಹೋದರೆ ರೇಟು ಕೈತಪ್ಪಿತು ಅಂತಲೇ ಲೆಕ್ಕ. ಕೊನೆಗೆ ಮೀಟರ್ ಹಿಡಿದು ನೋಡಿದೆ. ಗ್ಯಾರೇಜಿನವರು ಹಾಕಿದ್ದ ಹೊಸ ಕಾಯಿಲ್ ರೆಸಿಸ್ಟೆನ್ಸ್ ಜೊತೆ ಹಾಕಬೇಕಾದದ್ದು. ಜೀಪಿನಲ್ಲಿ ರೆಸಿಸ್ಟೆನ್ಸೇ ಇರಲಿಲ್ಲ!

12 ವೋಲ್ಟ್ ಗಾಡಿಯ ಕಾಯಿಲ್‌ನಲ್ಲಿ ಎರಡು ಜಾತಿ. ಹೊರಗಿಂದ ಎರಡೂ ಒಂದೇ ಥರದ ಡಬ್ಬಿ. ಒಂದು ಸುಮಾರು 3 ಓಮ್‌ನದು, ನೇರ ಹಾಕುವಂಥದ್ದು. ಇನ್ನೊಂದು ಸುಮಾರು 1.5 ಓಮ್‌ನದು. ಇದರ ದಾರಿಯಲ್ಲಿ ಇನ್ನೊಂದು 1.5 ಓಮ್‌ನ ಪಿಂಗಾಣಿ ರೆಸಿಸ್ಟೆನ್ಸ್ ಬೇಕು. ಎರಡೂ ಕೂಡಿದರೆ ಅದೇ 3.

ವೋಲ್ಟನ್ನು ಓಮ್‌ನಿಂದ ಭಾಗಿಸಿದರೆ ಹರಿಯುವ ಕರೆಂಟು ಸಿಗುತ್ತೆ. 12ನ್ನು 3ರಿಂದ ಭಾಗಿಸಿದರೆ 4 ಆಂಪ್. ಪಾಯಿಂಟ್ ತಾಳೋದು ಹೆಚ್ಚುಕಮ್ಮಿ ಅಷ್ಟೇ. 1.5ರ ಕಾಯಿಲ್ ನೇರ ಹಾಕಿದರೆ 8 ಆಂಪ್ ನುಗ್ಗುತ್ತೆ. ಪಾಯಿಂಟ್ ಕರಕಲು, ಕಾಯಿಲ್ ಕೈ ಇಡಲಾರದಷ್ಟು ಬಿಸಿ. ಉಲ್ಟಾ, 3 ಓಮ್ ಕಾಯಿಲ್‌ಗೆ ರೆಸಿಸ್ಟೆನ್ಸೂ ಸೇರಿಸಿದರೆ 2.7 ಆಂಪ್ ಮಾತ್ರ. ಏನೂ ಸುಡಲ್ಲ, ಆದರೆ ಕಿಡಿ ಮಂಕು. ಏರಿನಲ್ಲಿ ಲೋಡ್ ಬಿದ್ದಾಗ ಮಿಸ್ ಹೊಡೆಯುತ್ತೆ.

ಹಾಗಾದರೆ ರೆಸಿಸ್ಟೆನ್ಸ್ ಯಾಕೆ ಬೇಕಿತ್ತು? ಸ್ಟಾರ್ಟರ್ ತಿರುಗುವಾಗ ಬ್ಯಾಟರಿ 9-10 ವೋಲ್ಟಿಗೆ ಇಳಿಯುತ್ತೆ. ಆ ಗಳಿಗೆಯಲ್ಲಿ ಬೇರೆ ವಯರಿನಿಂದ, ರೆಸಿಸ್ಟೆನ್ಸ್ ದಾಟಿಸಿ, ಕಾಯಿಲ್‌ಗೆ ನೇರ ಕರೆಂಟು ಕೊಡ್ತಾರೆ. ಚಳೀಲೂ ಬೇಗ ಹತ್ತುತ್ತೆ. ಕೀ ಬಿಟ್ಟ ಕೂಡಲೇ ಕರೆಂಟು ಮತ್ತೆ ರೆಸಿಸ್ಟೆನ್ಸ್ ದಾರಿಗೆ ಬರುತ್ತೆ. ಒಳ್ಳೆ ಯೋಚನೆ ಕಣ್ರಿ.

ಅಳೆಯೋದು ಸುಲಭ. ಇಗ್ನಿಶನ್ ಆಫ್ ಮಾಡಿ, ಕಾಯಿಲ್‌ನ ಎರಡು ಸಣ್ಣ ಟರ್ಮಿನಲ್‌ಗಳ ವಯರು ಬಿಚ್ಚಿ, ಮೀಟರನ್ನು 200 ಓಮ್‌ಗೆ ಇಡಿ. ಮೊದಲು ಮೀಟರಿನ ಎರಡು ಕಡ್ಡಿ ಒಂದಕ್ಕೊಂದು ಮುಟ್ಟಿಸಿ ಬರುವ ಅಂಕಿಯನ್ನು ಆಮೇಲೆ ಕಳೆಯಬೇಕು. ಇಷ್ಟು ಸಣ್ಣ ಲೆಕ್ಕದಲ್ಲಿ ಅದೂ ದೊಡ್ಡದೇ. ಕೆಲವು ಕಾರಿನಲ್ಲಿ ರೆಸಿಸ್ಟೆನ್ಸ್ ಕಣ್ಣಿಗೆ ಬೀಳಲ್ಲ, ವಯರೇ ರೆಸಿಸ್ಟೆನ್ಸ್ ಆಗಿರುತ್ತೆ. ಅದಕ್ಕೆ ವಯರು ಮತ್ತೆ ಹಾಕಿ, ಪಾಯಿಂಟ್ ಮುಚ್ಚಿದ್ದಾಗ ಕೀ ಆನ್ ಮಾಡಿ ಕಾಯಿಲ್‌ಗೆ ಬರುವ ವೋಲ್ಟ್ ನೋಡಿ. 6-7 ಇದ್ದರೆ ಎಲ್ಲೋ ರೆಸಿಸ್ಟೆನ್ಸ್ ಇದೆ, 12ರ ಹತ್ತಿರ ಇದ್ದರೆ ಇಲ್ಲ. ನೋಡಿದ ತಕ್ಷಣ ಕೀ ಆಫ್ ಮಾಡಿ, ಹಾಗೇ ಬಿಟ್ಟರೆ ಕಾಯಿಲ್ ಕಾಯುತ್ತೆ.

ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಹಾಕಿಸಿದ್ದರೆ ಈ ಲೆಕ್ಕ ಬೇಡ, ಅದರ ಜೊತೆ ಬಂದ ಕಾಗದದಲ್ಲಿರುವ ಓಮ್ ನೋಡಿಯೇ ಕಾಯಿಲ್ ತನ್ನಿ.

ರೆಸಿಸ್ಟೆನ್ಸ್ ಇರುವ ಗಾಡಿ ಕೀ ತಿರುಗಿಸಿದಾಗ ಹತ್ತಿ, ಬಿಟ್ಟ ಕೂಡಲೇ ಸತ್ತರೆ ಮೊದಲ ಅನುಮಾನ ರೆಸಿಸ್ಟೆನ್ಸ್ ಮೇಲೆ. ದಾರೀಲಿ ಹಾಗಾದರೆ ಅದರ ಎರಡು ತುದಿಗೆ ಒಂದು ತುಂಡು ವಯರು ಕಟ್ಟಿ ಊರು ಮುಟ್ಟಬಹುದು. ಮುಟ್ಟಿದ ಮೇಲೆ ಬಿಚ್ಚಿ, ಹೊಸದು ಹಾಕಿ.