ಕೆಸರಿಗಿಳಿಯಲಿ ಶಾಲೆಯ ರೋಬೋಟ್

ಮಳೆ ಬಿದ್ದ ಮಾರನೆಯ ದಿನ ಅಜ್ಜಂಪುರದ ಎರೆ ಹೊಲಕ್ಕೆ ಕಾಲಿಟ್ಟರೆ ಹೆಜ್ಜೆ ಹೆಜ್ಜೆಗೂ ಮಣ್ಣು ಮೆತ್ತಿ ಕಾಲು ಭಾರವಾಗುತ್ತದೆ. ಅದೇ ಮಳೆ ಕಡೂರಿನ ಕೆಮ್ಮಣ್ಣಿನ ಹೊಲದಲ್ಲಿ ಬೇಗ ಬಸಿದುಹೋಗುತ್ತದೆ. ತರೀಕೆರೆಯ ಅಡಿಕೆ ತೋಟಕ್ಕೆ ಹೋದರೆ ಬಸಿಗಾಲುವೆ, ಒದ್ದೆ ಸೋಗೆ, ತರಗೆಲೆ. ಮಲೆನಾಡೂ ಬಯಲುಸೀಮೆಯೂ ಕೂಡುವ ಈ ಮೂರು ತಾಲ್ಲೂಕುಗಳಲ್ಲಿ ಇಷ್ಟೊಂದು ಬಗೆಯ ನೆಲ ಇರುವಾಗ, ಶಾಲೆಯ ರೋಬೋಟ್ ಟೈಲ್ಸ್ ನೆಲದ ಮೇಲೆ ಕಪ್ಪು ಗೆರೆ ಹಿಡಿದು ಓಡುವುದಕ್ಕಷ್ಟೇ ಸೀಮಿತವಾಗಬಾರದು. ಅದು ಹೊಲಕ್ಕೆ ಇಳಿಯಬೇಕು. ಇಳಿಯಬೇಕಾದರೆ ಅದಕ್ಕೆ ಚಕ್ರದ ಬದಲು ಚೈನು ಬೇಕು.

ಪೆಟ್ಟಿಗೆಯಲ್ಲಿ ಏನಿದೆ?

ಹವ್ಯಾಸಿಗಳಿಗೂ ಶಾಲೆಗಳಿಗೂ ಸಿಗುವ ಚೈನ್ ಗಾಡಿಯ ಕಿಟ್ ಸರಳವಾದದ್ದು. ಲೋಹದ ಅಥವಾ ಅಕ್ರಿಲಿಕ್‌ನ ತಟ್ಟೆ, ಎರಡು ಗೇರ್ ಮೋಟಾರು, ಮೋಟಾರಿಗೆ ಕೂರುವ ಹಲ್ಲಿನ ಚಕ್ರ, ಭಾರ ಹೊರುವ ಸಣ್ಣ ಚಕ್ರಗಳು, ಪ್ಲಾಸ್ಟಿಕ್ ಕೊಂಡಿಗಳನ್ನು ಪಿನ್ನಿನಿಂದ ಪೋಣಿಸಿದ ಎರಡು ಚೈನು, ಒಂದಿಷ್ಟು ನಟ್ಟು ಬೋಲ್ಟು. ಇದರ ಮೇಲೆ ಗಾಡಿಗೆ ಆದೇಶ ಕೊಡುವ ಆರ್ಡುಯಿನೋ ಬೋರ್ಡು, ಮೋಟಾರಿಗೆ ಕರೆಂಟು ಹಾಯಿಸುವ ಎಲ್298ಎನ್ ಮೋಟಾರ್ ಡ್ರೈವರ್, 3.7 ವೋಲ್ಟಿನ ಎರಡು ಲಿಥಿಯಂ ಸೆಲ್ ಕೂರಿಸಿದರೆ ಗಾಡಿ ಹೊರಡಲು ಸಿದ್ಧ.

ಇದಕ್ಕೆ ಸ್ಟೇರಿಂಗ್ ಇಲ್ಲ. ಎಡ ಚೈನು ನಿಂತು ಬಲ ಚೈನು ಓಡಿದರೆ ಗಾಡಿ ಎಡಕ್ಕೆ ಹೊರಳುತ್ತದೆ. ಒಂದು ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಓಡಿದರೆ ನಿಂತ ಜಾಗದಲ್ಲೇ ಗಿರ್ರನೆ ತಿರುಗುತ್ತದೆ. ಏಳನೆಯ ತರಗತಿಯ ಮಗು ಇದನ್ನು ಮೊದಲು ಕೈಯಲ್ಲಿ ತಳ್ಳಿ ನೋಡಬಹುದು, ಆಮೇಲೆ ಪ್ರೋಗ್ರಾಂ ಬರೆಯಬಹುದು.

ಚೈನು ಹೂತುಹೋಗದಿರುವುದಕ್ಕೆ ಕಾರಣವೂ ಶಾಲೆಯ ಲೆಕ್ಕದೊಳಗೇ ಇದೆ. 1,200 ಗ್ರಾಂ ತೂಕದ ಗಾಡಿಯ ಪ್ರತಿ ಚೈನು 15 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲ ನೆಲಕ್ಕೆ ತಾಗುತ್ತದೆ ಎಂದುಕೊಳ್ಳೋಣ. ಎರಡೂ ಸೇರಿ 60 ಚದರ ಸೆಂ.ಮೀ.; ಪ್ರತಿ ಚದರ ಸೆಂ.ಮೀ.ಗೆ ಬೀಳುವುದು 20 ಗ್ರಾಂ. ಅದೇ ತೂಕ ನಾಲ್ಕು ಚಕ್ರಗಳ ಮೇಲೆ, ಒಂದೊಂದೂ 2 ಚದರ ಸೆಂ.ಮೀ. ತಾಗುವಂತೆ ನಿಂತರೆ 150 ಗ್ರಾಂ. ಒತ್ತಡ ಏಳೂವರೆ ಪಟ್ಟು. ಕೆಸರಿನಲ್ಲಿ ಹಲಗೆ ಹಾಸಿಕೊಂಡು ನಡೆಯುವವರಂತೆ, ಚೈನ್ ಗಾಡಿ ತನ್ನ ದಾರಿಯನ್ನು ತಾನೇ ಹಾಸಿಕೊಂಡು ಸಾಗುತ್ತದೆ.

ರೈತನ ಹೊಲದ ತಂತ್ರ

ಚೈನು ಎಂದರೆ ಯುದ್ಧದ ಟ್ಯಾಂಕ್ ನೆನಪಾಗುವುದು ಸಹಜ. ಆದರೆ ಟ್ಯಾಂಕ್ ರಣರಂಗಕ್ಕೆ ಬಂದದ್ದು 1916ರಲ್ಲಿ. ಅದಕ್ಕೂ ಮೊದಲು, 1904ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬೆಂಜಮಿನ್ ಹೋಲ್ಟ್ ಉಗಿ ಟ್ರ್ಯಾಕ್ಟರಿನ ಚಕ್ರ ಕಳಚಿ ಮರದ ಪಟ್ಟಿಗಳ ಚೈನು ಹಾಕಿ ಓಡಿಸಿದ್ದರು. ಸ್ಟಾಕ್ಟನ್ ಸುತ್ತಲಿನ ಜವುಗು ಹೊಲಗಳಲ್ಲಿ ಭಾರಿ ಟ್ರ್ಯಾಕ್ಟರುಗಳು ಹೂತುಹೋಗುತ್ತಿದ್ದುದೇ ಇದಕ್ಕೆ ಕಾರಣ.

ನಮ್ಮ ಮಕ್ಕಳಿಗೂ ಈ ಯಂತ್ರ ಹೊಸದಲ್ಲ. ಗದ್ದೆ ಕೊಯ್ಯಲು ಚೈನಿನ ಕಟಾವು ಯಂತ್ರ ಬರುತ್ತದೆ, ಕೆರೆ ಹೂಳೆತ್ತಲು ಹಿಟಾಚಿ ಬರುತ್ತದೆ. ಹಿಟಾಚಿಯ ಚೈನು ಸಡಿಲವಾದರೆ ಆಪರೇಟರ್ ಗ್ರೀಸ್ ಗನ್ನಿನಿಂದ ಗ್ರೀಸ್ ತುಂಬಿಸಿ ಬಿಗಿ ಮಾಡುತ್ತಾರೆ. ಒಳಗಿನ ಸಿಲಿಂಡರು ಮುಂದಿನ ಚಕ್ರವನ್ನು ತಳ್ಳಿ ಚೈನನ್ನು ಎಳೆದು ಹಿಡಿಯುತ್ತದೆ. ಆ ಆಪರೇಟರನ್ನು ಅರ್ಧ ಗಂಟೆ ಶಾಲೆಗೆ ಕರೆದು ಮಾತಾಡಿಸಿದರೆ ಮಕ್ಕಳಿಗೆ ಯಾವ ಕೈಪಿಡಿಯೂ ಕೊಡದ ಪಾಠ ಸಿಗುತ್ತದೆ.

ಏಕೆಂದರೆ ಪುಟ್ಟ ಗಾಡಿಗೂ ಅವೇ ಕಾಯಿಲೆಗಳು. ಚೈನು ಸಡಿಲವಾದರೆ ತಿರುವಿನಲ್ಲಿ ಕಳಚುತ್ತದೆ. ಅತಿ ಬಿಗಿಯಾದರೆ ಮೋಟಾರು ಏದುಸಿರು ಬಿಡುತ್ತದೆ. ಎರೆಮಣ್ಣು ಹಲ್ಲುಗಳ ಸಂದಿಗೆ ತುಂಬಿದರೆ ಚೈನು ಹಲ್ಲು ಬಿಟ್ಟು ಜಾರುತ್ತದೆ. ತಿರುಗುವಾಗ ಇಡೀ ಚೈನು ಅಡ್ಡಡ್ಡ ನೆಲ ಉಜ್ಜಬೇಕಾದ್ದರಿಂದ ಕರೆಂಟು ಏರುತ್ತದೆ, ಬ್ಯಾಟರಿ ಬೇಗ ಖಾಲಿಯಾಗುತ್ತದೆ. ಹೀಗಾಗಿ ಎಲ್ಲ ಕಡೆಗೂ ಚೈನೇ ಸರಿ ಎನ್ನುವಂತಿಲ್ಲ. 2023ರಲ್ಲಿ ಚಂದ್ರನ ಮೇಲಿಳಿದ 26 ಕೆ.ಜಿ. ತೂಕದ ಪ್ರಜ್ಞಾನ್ ರೋವರ್‌ಗೆ ಇದ್ದದ್ದು ಆರು ಚಕ್ರ. ಯಾವ ನೆಲಕ್ಕೆ ಯಾವ ಕಾಲು ಎಂದು ಯೋಚಿಸುವುದೇ ಎಂಜಿನಿಯರಿಂಗ್‌ನ ಮೊದಲ ಪಾಠ.

ಬೀರುವಿನಿಂದ ಹೊರಗೆ

ಇಂಥ ಕಿಟ್ ಶಾಲೆಗೆ ಬರಲು ದಾರಿಯೂ ಇದೆ. 2016ರಲ್ಲಿ ನೀತಿ ಆಯೋಗದ ಅಟಲ್ ಇನೊವೇಷನ್ ಮಿಷನ್ 6ರಿಂದ 12ನೇ ತರಗತಿಯ ಮಕ್ಕಳಿಗಾಗಿ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ ಆರಂಭಿಸಿತು. ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ನೆರವು. ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಲ್ಲಿ ಇನ್ನೂ 50,000 ಲ್ಯಾಬ್ ತೆರೆಯುವುದಾಗಿ 2025ರ ಕೇಂದ್ರ ಬಜೆಟ್ ಹೇಳಿದೆ. ಹಣ ಬರಬಹುದು, ಪೆಟ್ಟಿಗೆಯೂ ಬರಬಹುದು. ಮುರಿದೀತು ಎಂಬ ಭಯದಿಂದ ಅದು ಬೀರುವಿನಲ್ಲಿ ಕೂತರೆ ಏನು ಬಂತು? ಮುರಿದ ಪಿನ್ನಿಗೆ ಸೈಕಲ್ ಕಡ್ಡಿ ಕತ್ತರಿಸಿ ಹಾಕಬಲ್ಲ ಮಕ್ಕಳು ನಮ್ಮ ಊರುಗಳಲ್ಲಿದ್ದಾರೆ. ಅವರಿಗೆ ಮುರಿಯುವ ಸ್ವಾತಂತ್ರ್ಯವನ್ನೂ ಕೊಡಬೇಕು.

ನನ್ನ ಸಲಹೆ ಇಷ್ಟು. ಕಡೂರು, ತರೀಕೆರೆ, ಅಜ್ಜಂಪುರದ ಒಂದೊಂದು ಶಾಲೆ ಒಂದೇ ಬಗೆಯ ಚೈನ್ ಗಾಡಿ ಕಟ್ಟಲಿ. ತಮ್ಮೂರ ಮಣ್ಣಿನಲ್ಲಿ ಎರಡು ಮೀಟರ್ ಪಟ್ಟಿ ಗುರುತಿಸಿ, ಒಣಗಿದಾಗ ಒಮ್ಮೆ, ಮಳೆಯಾದ ಮೇಲೆ ಒಮ್ಮೆ ಓಡಿಸಲಿ. ಹಿಡಿದ ಸಮಯ, ಮಲ್ಟಿಮೀಟರ್ ತೋರಿಸಿದ ಕರೆಂಟು, ಚೈನು ಎಷ್ಟು ಸಲ ಕಳಚಿತು ಎಂಬುದು, ಎಲ್ಲವನ್ನೂ ಬರೆದಿಟ್ಟು ಮೂರೂ ಶಾಲೆಗಳು ಹಂಚಿಕೊಳ್ಳಲಿ. ಉತ್ತರ ಮೊದಲೇ ಗೊತ್ತಿರುವ ಪ್ರಯೋಗಗಳನ್ನು ಮಕ್ಕಳು ಬೇಕಾದಷ್ಟು ಮಾಡಿದ್ದಾರೆ. ಇದರ ಉತ್ತರ ಮೇಷ್ಟ್ರಿಗೂ ಗೊತ್ತಿರುವುದಿಲ್ಲ. ಆದ್ದರಿಂದಲೇ ಇದು ನಿಜವಾದ ವಿಜ್ಞಾನ.