ಕಪ್ಪುಗೆರೆಗಳ ಛಂದಸ್ಸು

ಪದ್ಯಕ್ಕೆ ಪ್ರಸ್ತಾರ ಹಾಕುವುದನ್ನು ಕನ್ನಡದ ತರಗತಿಯಲ್ಲಿ ಕಲಿಯದವರು ವಿರಳ. ಒಂದು ಮಾತ್ರೆಯದು ಲಘು, ಎರಡು ಮಾತ್ರೆಯದು ಗುರು, ಮೂರು ಮಾತ್ರೆಗೆ ಎಳೆದು ನುಡಿದರೆ ಪ್ಲುತ. ಕಿರಿದು, ಹಿರಿದು ಎಂಬ ಎರಡೇ ಗುರುತುಗಳು ಸ್ಥಾನ ಬದಲಿಸಿ ನಿಂತರೆ ಮೂರು ಅಕ್ಷರಗಳಿಂದ ಎಂಟು ಗಣಗಳು ಹುಟ್ಟುತ್ತವೆ. ಹತ್ತನೆಯ ಶತಮಾನದ ನಾಗವರ್ಮನು ‘ಛಂದೋಂಬುಧಿ’ಯಲ್ಲಿ ಕನ್ನಡಿಗರಿಗೆ ತಿಳಿಸಿಕೊಟ್ಟ ಈ ವಿದ್ಯೆಗೆ ದೂರದ ನೆಂಟನೊಬ್ಬ ಇಂದು ಅಂಗಡಿಯ ಕಪಾಟಿನಲ್ಲಿಯೂ ಗ್ರಂಥಾಲಯದ ಪುಸ್ತಕದ ಬೆನ್ನಿನಲ್ಲಿಯೂ ಕುಳಿತಿದ್ದಾನೆ. ಅವನೇ ಬಾರ್‌ಕೋಡ್.

ಪುತ್ತೂರಿಗೆ ಈ ಗೆರೆಗಳು ಅಪರಿಚಿತವಲ್ಲ. 1973ರಲ್ಲಿ ಹುಟ್ಟಿದ ಕ್ಯಾಂಪ್ಕೊ ಸಹಕಾರ ಸಂಸ್ಥೆಯ ಚಾಕಲೇಟು ಕಾರ್ಖಾನೆ 1986ರಿಂದ ಇಲ್ಲಿದೆ. ಅಡಿಕೆ ತೋಟಗಳ ನಡುವೆ ಬೆಳೆದ ಕೋಕೋ ಚಾಕಲೇಟಾಗಿ ಪೇಟೆಗೆ ಹೊರಡಬೇಕಾದರೆ ಹೆಸರಿನ ಜೊತೆಗೆ ಯಂತ್ರವು ಓದಬಲ್ಲ ಒಂದು ಸಂಖ್ಯೆಯೂ ಬೇಕು. ಆ ಸಂಖ್ಯೆಯನ್ನು ಎಷ್ಟು ಇಕ್ಕಟ್ಟಾಗಿ ಬರೆಯಬಹುದು? ಒಂದು ಅಂಗುಲದಲ್ಲಿ ಎಷ್ಟು ಅಕ್ಷರಗಳು ಹಿಡಿಯುತ್ತವೆ? ಇದನ್ನೇ ಬಾರ್‌ಕೋಡಿನ ಸಾಂದ್ರತೆ ಎನ್ನುತ್ತಾರೆ. ಅದನ್ನು ಲೆಕ್ಕ ಹಾಕಲು ಮಾತ್ರಾಗಣಿತ ಬಲ್ಲವನಿಗೆ ಹೊಸ ವಿದ್ಯೆಯೇನೂ ಬೇಡ.

1974ರಲ್ಲಿ ಅಮೆರಿಕೆಯಲ್ಲಿ ರೂಪುಗೊಂಡ ‘ಕೋಡ್ 39’ ಎಂಬ ಪದ್ಧತಿಯನ್ನೇ ನೋಡೋಣ. ಅದರಲ್ಲಿ ಒಂದೊಂದು ಅಕ್ಷರಕ್ಕೂ ಐದು ಕಪ್ಪುಗೆರೆ, ನಾಲ್ಕು ಬಿಳಿಗೆರೆ, ಒಟ್ಟು ಒಂಬತ್ತು. ಈ ಒಂಬತ್ತರಲ್ಲಿ ಮೂರು ದಪ್ಪ, ಆರು ತೆಳು. ಅತಿ ತೆಳುವಾದ ಗೆರೆಯ ಅಗಲವೇ ಇಲ್ಲಿ ಮಾತ್ರೆ. ದಪ್ಪಗೆರೆ ಗುರುವಿನಂತೆ ಎರಡು ಮಾತ್ರೆಯದಾದರೆ ಅಕ್ಷರಕ್ಕೆ ಹನ್ನೆರಡು ಮಾತ್ರೆ. ಮುಂದಿನ ಅಕ್ಷರದಿಂದ ಬಿಡಿಸುವ ಬಿಳಿಯ ಒಂದು ಮಾತ್ರೆ ಸೇರಿ ಹದಿಮೂರು. ಪ್ಲುತದಂತೆ ಮೂರು ಮಾತ್ರೆಯದಾದರೆ ಹದಿನಾರು. ಈ ಮಾತ್ರೆಗಳನ್ನು ತೆಳುಗೆರೆಯ ಅಗಲದಿಂದ ಗುಣಿಸಿ, ಬಂದ ಫಲದಿಂದ ಅಂಗುಲದ 25.4 ಮಿಲಿಮೀಟರನ್ನು ಭಾಗಿಸಿದರೆ ಸಾಂದ್ರತೆ ಸಿಕ್ಕಿತು.

ಗ್ರಂಥಾಲಯದ ಒಂದು ಉದಾಹರಣೆ. ಪುಸ್ತಕದ ಸಂಖ್ಯೆ ಆರು ಅಂಕಿಯದು. ಆದಿ, ಅಂತ್ಯಗಳ ಗುರುತು ಸೇರಿ ಎಂಟು ಅಕ್ಷರ. ತೆಳುಗೆರೆ 0.25 ಮಿ.ಮೀ., ದಪ್ಪಗೆರೆ ಅದರ ಮೂರರಷ್ಟು. ಅಕ್ಷರಕ್ಕೆ 4 ಮಿ.ಮೀ.; ಅಂಗುಲಕ್ಕೆ ಸುಮಾರು 6.35 ಅಕ್ಷರ. ಇಕ್ಕೆಲಗಳಲ್ಲಿ ಹತ್ತು ಹತ್ತು ಮಾತ್ರೆಯ ಬಿಳಿಯ ಅಂಚು ಸೇರಿ ಒಟ್ಟು ಉದ್ದ ಸುಮಾರು 37 ಮಿ.ಮೀ. ತೆಳ್ಳನೆಯ ಕವನ ಸಂಕಲನದ ಬೆನ್ನಿಗೆ ಇದು ಹೆಚ್ಚಾಯಿತು. ಹಾಗಾದರೆ ದಪ್ಪಗೆರೆಯನ್ನು ಎರಡೇ ಮಾತ್ರೆಗೆ ಇಳಿಸಬಾರದೇ? ಸಲ್ಲದು. ತೆಳುಗೆರೆ ಅರ್ಧ ಮಿಲಿಮೀಟರಿಗಿಂತ ಕಿರಿದಾದಾಗ ದಪ್ಪಗೆರೆ ಅದರ 2.2ರಷ್ಟಕ್ಕಿಂತ ಹೆಚ್ಚಿರಬೇಕೆಂಬುದು ನಿಯಮ. ಗೆರೆ ಸಣ್ಣದಾದಷ್ಟೂ ಲಘು ಗುರುಗಳ ಭೇದ ಸ್ಫುಟವಾಗಿರಬೇಕು. ಪದ್ಧತಿಯನ್ನೇ ಬದಲಿಸುವುದು ಮೇಲು: ಎರಡೆರಡು ಅಂಕಿಗಳನ್ನು ಒಂದೇ ಅಕ್ಷರವಾಗಿ ಹೆಣೆಯುವ ‘ಕೋಡ್ 128’ರಲ್ಲಿ ಅದೇ ಸಂಖ್ಯೆ, ಅದೇ ತೆಳುಗೆರೆ, ಅಂಚೂ ಸೇರಿ 22 ಮಿ.ಮೀ.ಗಳಲ್ಲಿ ಮುಗಿಯುತ್ತದೆ.

ಚಾಕಲೇಟಿನ ಹೊದಿಕೆಯ ಮೇಲಿನ ಹದಿಮೂರು ಅಂಕಿಗಳ ಪದ್ಧತಿ ಬೇರೆ. ಅಲ್ಲಿ ಪ್ರತಿ ಅಂಕಿಗೂ ಏಳೇ ಮಾತ್ರೆ. ಮಾತ್ರೆಯ ಸಹಜ ಅಗಲ 0.33 ಮಿ.ಮೀ. ಎಂದರೆ ಅಂಕಿಗೆ 2.31 ಮಿ.ಮೀ., ಅಂಗುಲಕ್ಕೆ ಸುಮಾರು ಹನ್ನೊಂದು ಅಂಕಿ. ಇದರಲ್ಲೊಂದು ಸ್ವಾರಸ್ಯವುಂಟು. ಹದಿಮೂರು ಅಂಕಿಗಳಲ್ಲಿ ಮೊದಲನೆಯದಕ್ಕೆ ತನ್ನದೆಂಬ ಗೆರೆಯೇ ಇಲ್ಲ! ಎಡಭಾಗದ ಆರು ಅಂಕಿಗಳನ್ನು ಎರಡು ಬಗೆಯ ವಿನ್ಯಾಸಗಳಲ್ಲಿ ಯಾವ ಕ್ರಮದಿಂದ ಬರೆದಿದೆ ಎಂಬುದರಿಂದಲೇ ಯಂತ್ರವು ಅದನ್ನು ಊಹಿಸಿಕೊಳ್ಳುತ್ತದೆ. ಆನಂದವರ್ಧನನು ಕಂಡಿದ್ದರೆ, ಹನ್ನೆರಡು ವಾಚ್ಯ, ಒಂದು ಧ್ವನಿ ಎನ್ನುತ್ತಿದ್ದನೋ ಏನೋ.

ಇಷ್ಟು ಅಡಕವಾಗಿ ಬರೆಯಬಹುದಾದರೆ ಇನ್ನಷ್ಟು ಏಕೆ ಬಾರದು? ಸುಳ್ಯದ ಪಯಸ್ವಿನಿಯ ದಂಡೆಯಲ್ಲಿಯೋ ಕಡಬದ ಕುಮಾರಧಾರೆಯ ತಡಿಯಲ್ಲಿಯೋ ಒಂದು ಮಳೆಗಾಲ ಕಳೆದವರಿಗೆ ಉತ್ತರ ತಿಳಿದೀತು. ತೇವ ಹೀರಿದ ಕಾಗದದ ಮೇಲೆ ಮಸಿ ಹರಡುತ್ತದೆ. 0.25 ಮಿ.ಮೀ. ಗೆರೆ 0.05 ಮಿ.ಮೀ.ನಷ್ಟು ಹರಡಿದರೆ ಕಪ್ಪು 0.30, ಪಕ್ಕದ ಬಿಳಿ 0.20 ಆಗಿ, ಸಮಾನರಾಗಿದ್ದವರಲ್ಲಿ ಒಬ್ಬ ಇನ್ನೊಬ್ಬನ ಒಂದೂವರೆಯಷ್ಟಾಗುತ್ತಾನೆ. ಗೆರೆ ಒಂದು ಮಿಲಿಮೀಟರಿನದಾಗಿದ್ದರೆ ಅಷ್ಟೇ ಹರಡುವಿಕೆ ಲೆಕ್ಕಕ್ಕಿಲ್ಲ. ಒರಟು ರಟ್ಟಿನ ಪೆಟ್ಟಿಗೆಗಳ ಮೇಲೆ ಮುದ್ರಿಸುವ ಹದಿನಾಲ್ಕು ಅಂಕಿಗಳ ಸಂಕೇತಕ್ಕೆ 1.016 ಮಿ.ಮೀ.ವರೆಗಿನ ಮಾತ್ರೆಯನ್ನು ಗೊತ್ತುಮಾಡಿರುವುದು ಅದಕ್ಕಾಗಿಯೇ. ಇಕ್ಕೆಲದ ಬಿಳಿಯ ಅಂಚನ್ನು ಕತ್ತರಿಸಿ ಜಾಗ ಉಳಿಸಹೊರಟವನದೂ ಅದೇ ಗತಿ. ಎಲ್ಲಿ ಆರಂಭ, ಎಲ್ಲಿ ಮುಕ್ತಾಯ ಎಂದು ಯಂತ್ರಕ್ಕೆ ತಿಳಿಸುವುದು ಆ ಮೌನವೇ. ಅದು ಕೆಟ್ಟರೆ ಸಂಖ್ಯೆಯನ್ನು ಕೈಯಿಂದಲೇ ಬರೆಯಬೇಕು. ಒಂದು ಅಂಕಿ ತಪ್ಪಿದರೆ ಒಬ್ಬ ವಿದ್ಯಾರ್ಥಿ ಒಯ್ದ ಪುಸ್ತಕ ಇನ್ನೊಬ್ಬನ ಲೆಕ್ಕಕ್ಕೆ ಸೇರುತ್ತದೆ, ದಂಡವೂ ಅವನ ತಲೆಗೇ ಬರುತ್ತದೆ.

ಆದುದರಿಂದ ಸಾಂದ್ರತೆಯು ತಾನೇ ಒಂದು ಗುಣವಲ್ಲ. ಎಷ್ಟು ಹಿಡಿಸೀತು ಎಂಬುದನ್ನು ಗಣಿತ ಹೇಳುತ್ತದೆ. ಎಷ್ಟು ಓದಿಸೀತು ಎಂಬುದನ್ನು ಕಾಗದ, ಮಸಿ ಮತ್ತು ಓದುವ ಕಣ್ಣು ಹೇಳುತ್ತವೆ. ಅಡಕವೇ ಕಾವ್ಯದ ಜೀವವೆಂದು ನಂಬಿದ ನಾವು ಸಾಹಿತ್ಯದವರೂ ಈ ವಿವೇಕವನ್ನು ಮರೆಯಬಾರದು.

ಕುತೂಹಲವುಳ್ಳ ವಿದ್ಯಾರ್ಥಿಗಳು ಒಂದು ಅಳತೆಪಟ್ಟಿ ಹಿಡಿದು ಹದಿಮೂರು ಅಂಕಿಗಳ ಯಾವುದಾದರೂ ಪೊಟ್ಟಣದ ಮೊದಲ ಗೆರೆಯಿಂದ ಕೊನೆಯ ಗೆರೆಯವರೆಗೆ ಅಳೆಯಲಿ. ಬಂದುದನ್ನು 95ರಿಂದ ಭಾಗಿಸಲಿ. ಅಳತೆ 31 ಮಿ.ಮೀ.ಗಿಂತ ತುಸು ಹೆಚ್ಚಿದ್ದರೆ ಮುದ್ರಕನು ಸಹಜ ಗಾತ್ರವನ್ನು ಆರಿಸಿದ್ದಾನೆ. 25ರ ಹತ್ತಿರವಿದ್ದರೆ ಅಂಗಡಿಯ ಪದಾರ್ಥಗಳಿಗೆ ವಿಧಿಸಿರುವ ಕನಿಷ್ಠ ಮಿತಿಯನ್ನು, ಎಂದರೆ ಶೇಕಡ 80ನ್ನು, ಮುಟ್ಟಿದ್ದಾನೆ. ಅದಕ್ಕೂ ಕಿರಿದಾಗಿದ್ದರೆ, ಅವನು ಕಾಗದವನ್ನು ಉಳಿಸಿದನೇ ಹೊರತು ಓದುಗನನ್ನಲ್ಲ.